ಕಿಟ್ಟಿಯಿಂದ ಕರೆಂಟಿನವರೆಗೆ

ಬದನಗುಪ್ಪೆ, ಚಾಮರಾಜನಗರ, ಗುಂಡ್ಲುಪೇಟೆಗಳಿಗೂ ಕೊಳ್ಳೇಗಾಲಕ್ಕೂ ಇವತ್ತು ಒಬ್ಬರೇ ಜಿಲ್ಲಾಧಿಕಾರಿ, ಒಬ್ಬರೇ ಎಸ್‌ಪಿ. 1956ರ ನವೆಂಬರ್ 1ಕ್ಕೆ ಮುಂಚೆ ಹೀಗಿರಲಿಲ್ಲ. ಬದನಗುಪ್ಪೆ ಸೀಮೆಯವರು ಮೈಸೂರು ಅರಸರ ಪ್ರಜೆಗಳು. ಅರಿಕುಠಾರವೆಂಬ ಊರು ಚಾಮರಾಜನಗರವಾದದ್ದೇ ಆ ಅರಮನೆಯ ನಂಟಿನಿಂದ. ಪೂರ್ವಕ್ಕೆ ಹೋದರೆ ಯಳಂದೂರು. ಅದು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಅದನ್ನು ದಾಟಿದರೆ ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ. ಇವೆಲ್ಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಎರಡೂ ಕಡೆಯ ಒಕ್ಕಲುಗಳು ಹರಕೆ ಹೊರುತ್ತಿದ್ದದ್ದು ಅದೇ ಬೆಟ್ಟದ ಮಾದಪ್ಪನಿಗೆ. ಪೊಲೀಸು, ಕಚೇರಿ, ಕೋರ್ಟು ಮಾತ್ರ ಬೇರೆ ಬೇರೆ.

ಇಂಥ ಗಡಿ ಕಳ್ಳನಿಗೆ ಬಲು ಅನುಕೂಲ. ಅತ್ತ ಕದ್ದು ಇತ್ತ ಬಂದರೆ ಅಲ್ಲಿಯ ಪೊಲೀಸರ ಕೈ ಇಲ್ಲಿಗೆ ಚಾಚುವುದಿಲ್ಲ. ಬ್ರಿಟಿಷರಿಗೆ ಇದು ಚೆನ್ನಾಗಿ ಗೊತ್ತಿತ್ತು. 1831ರಿಂದ ಐವತ್ತು ವರ್ಷ ತಾವೇ ಆಳಿದ ಮೈಸೂರನ್ನು 1881ರ ಮಾರ್ಚ್‌ನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ, ಹಸ್ತಾಂತರದ ಪತ್ರದಲ್ಲಿ ಅವರು ಒಂದು ಷರತ್ತನ್ನು ಮರೆಯದೆ ಸೇರಿಸಿದರು. ಬ್ರಿಟಿಷ್ ಇಂಡಿಯಾದಲ್ಲಿ ಅಪರಾಧ ಮಾಡಿ ಮೈಸೂರಿಗೆ ಬಂದವನನ್ನು, ರೆಸಿಡೆಂಟರು ಕೇಳಿದರೆ, ಮಹಾರಾಜರು ಹಿಡಿಸಿ ಒಪ್ಪಿಸಬೇಕು. ವಿಚಾರಣೆಗೆ ಸಾಕ್ಷಿಗಳನ್ನೂ ಕಳಿಸಿಕೊಡಬೇಕು. ಮುಂದೆ 1903ರಲ್ಲಿ ಇಂಡಿಯನ್ ಎಕ್ಸ್‌ಟ್ರಡಿಷನ್ ಕಾಯ್ದೆ ಬಂದು, ಸಂಸ್ಥಾನಗಳಲ್ಲಿ ಅಪರಾಧ ಮಾಡಿ ಬ್ರಿಟಿಷ್ ಸೀಮೆಗೆ ಓಡಿದವರನ್ನು ವಾಪಸು ತರಿಸುವ ವಾರಂಟಿನ ದಾರಿಯನ್ನೂ ನಿಗದಿ ಮಾಡಿತು.

ಅಂದರೆ ‘ಹಿಡಿದು ಒಪ್ಪಿಸು’ ಎನ್ನುವ ಮಾತು ಈ ಸೀಮೆಗೆ ಹೊಸದಲ್ಲ. ಆದರೆ ಅದು ಅನ್ವಯಿಸುತ್ತಿದ್ದದ್ದು ಕಳ್ಳರಿಗೆ, ದರೋಡೆಕೋರರಿಗೆ, ಕೊಲೆಗಡುಕರಿಗೆ. ಸರ್ಕಾರದ ಬಿಲ್ಲೆ ಹಾಕಿಕೊಂಡು, ಕಚೇರಿಯ ಅಂಗಳದಲ್ಲೇ ಜನರಿಗೆ ಚಿತ್ರಹಿಂಸೆ ಕೊಟ್ಟವನನ್ನು ಹಿಡಿಯಲೇಬೇಕು, ನೀನು ವಿಚಾರಣೆ ಮಾಡದಿದ್ದರೆ ವಿಚಾರಣೆ ಮಾಡುವವರಿಗೆ ಒಪ್ಪಿಸಬೇಕು ಎಂಬ ನಿಯಮ ಲೋಕಕ್ಕೆ ಬರಲು 1984ರವರೆಗೆ ಕಾಯಬೇಕಾಯಿತು. ಭಾರತದ ಮಟ್ಟಿಗೆ ಆ ನಿಯಮ ಇನ್ನೂ ಪೂರ್ತಿ ಬಂದಿಲ್ಲ. ಆ ಕೊರತೆಯ ಬೆಲೆ ತೆತ್ತವರಲ್ಲಿ ಇದೇ ಜಿಲ್ಲೆಯ ಕಾಡಂಚಿನ ಜನರೂ ಇದ್ದಾರೆ.

ಚಿತ್ರಹಿಂಸೆಯ ಬಗ್ಗೆ ಈ ಭಾಗದಲ್ಲಿ ಸರ್ಕಾರವೇ ನಡೆಸಿದ ಮೊದಲ ದೊಡ್ಡ ತನಿಖೆ 1854-55ರದ್ದು. 1854ರ ಜುಲೈನಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮದ್ರಾಸ್ ಪ್ರಾಂತ್ಯದ ರೈತರ ಸ್ಥಿತಿಗತಿಯ ಚರ್ಚೆ ನಡೆದಾಗ, ಕಂದಾಯ ವಸೂಲಿಗೆ ಅಲ್ಲಿ ಹಿಂಸೆಯನ್ನೇ ಬಳಸುತ್ತಾರೆ ಎಂಬ ಆರೋಪ ಕೇಳಿಬಂತು. ಈಸ್ಟ್ ಇಂಡಿಯಾ ಕಂಪನಿಗೆ ಮುಜುಗರ. ಮದ್ರಾಸ್ ಸರ್ಕಾರ ಮೂವರ ಆಯೋಗ ನೇಮಿಸಿತು: ಎಲಿಯಟ್, ಸ್ಟೋಕ್ಸ್, ನಾರ್ಟನ್. ಮೂರನೆಯವರಾದ ಜಾನ್ ಬ್ರೂಸ್ ನಾರ್ಟನ್ ವಕೀಲರು, ಕಂಪನಿಯ ಆಡಳಿತವನ್ನು ಬಹಿರಂಗವಾಗಿಯೇ ಟೀಕಿಸುತ್ತಿದ್ದವರು. ಆಯೋಗ ಮದ್ರಾಸಿನಲ್ಲೇ ಕುಳಿತು ದೂರು ಕರೆಯಿತು. ಕೊಳ್ಳೇಗಾಲವಿದ್ದ ಕೊಯಮತ್ತೂರು ಜಿಲ್ಲೆಯೂ, ಕನ್ನಡದ ಬಳ್ಳಾರಿ, ಕೆನರಾಗಳೂ ಅದರ ವ್ಯಾಪ್ತಿಯಲ್ಲಿದ್ದವು. ಕೆಲವೇ ತಿಂಗಳಲ್ಲಿ 1,959 ದೂರು ಬಂದವು. 519 ಜನ ಸ್ವತಃ ಬಂದವರು. ಉಳಿದವರು ಕಾಗದ ಬರೆದವರು. ಗಾಡಿ ದಾರಿಯ ಕಾಲದಲ್ಲಿ, ಬಂದುಹೋಗುವ ಖರ್ಚು ಕೈಯಿಂದ ಹಾಕಿಕೊಂಡು, ಊರಿನ ಅಧಿಕಾರಿಯ ಕಣ್ಣಿಗೆ ಗುರಿಯಾಗಿ ಅಷ್ಟು ಜನ ಮದ್ರಾಸಿಗೆ ಹೋದರೆಂದರೆ ಬೇಗುದಿ ಎಷ್ಟಿದ್ದೀತು!

1855ರ ಏಪ್ರಿಲ್‌ನಲ್ಲಿ ಸಿದ್ಧವಾದ ಆ ವರದಿ ಈಗ ಓದಿದರೂ ಮೈ ಜುಮ್ಮೆನ್ನುತ್ತದೆ. ಅದರಲ್ಲಿ ಎರಡು ಸಾಧನಗಳ ಹೆಸರು ಮೇಲಿಂದ ಮೇಲೆ ಬರುತ್ತದೆ. ಒಂದು ಕಿಟ್ಟಿ. ಎರಡು ಕಡ್ಡಿಗಳನ್ನು ಒಂದು ತುದಿಯಲ್ಲಿ ಸಡಿಲವಾಗಿ ಕಟ್ಟಿ, ನಡುವೆ ಬೆರಳನ್ನೋ ಕೈಯನ್ನೋ ಇಟ್ಟು ಇನ್ನೊಂದು ತುದಿಯನ್ನು ಒತ್ತುತ್ತ ಹೋಗುವುದು. ಇನ್ನೊಂದು ಅಣ್ಣಂದಾಳ್. ಮನುಷ್ಯನ ತಲೆ ಬಗ್ಗಿಸಿ, ಅವನದೇ ಅಂಗವಸ್ತ್ರವನ್ನೋ ಹಗ್ಗವನ್ನೋ ಕೊರಳ ಮೇಲಿಂದ ಕಾಲ್ಬೆರಳಿಗೆ ಬಿಗಿದು, ಬೆನ್ನು ಬಿಲ್ಲಿನಂತೆ ಬಾಗಿದ ಹಾಗೆಯೇ ಉರಿಬಿಸಿಲಲ್ಲಿ ನಿಲ್ಲಿಸುವುದು. ಕೆಲವೊಮ್ಮೆ ಬೆನ್ನ ಮೇಲೊಂದು ಕಲ್ಲು. ಕಣ್ಣಿಗೆ ಮೆಣಸಿನ ಪುಡಿ, ಹೊಕ್ಕುಳ ಮೇಲೆ ಕೊರೆಯುವ ಹುಳು ಬಿಟ್ಟು ಮೇಲೆ ಚಿಪ್ಪು ಕವುಚುವುದು, ಇವೂ ಪಟ್ಟಿಯಲ್ಲಿವೆ. ಎಷ್ಟೋ ಸಲ ಇದೆಲ್ಲ ಕೆಲವೇ ರೂಪಾಯಿ ಕಂದಾಯ ಬಾಕಿಗೆ.

ಇದಕ್ಕೆ ಕಾರಣ ಯಾರೋ ಒಬ್ಬ ಅಧಿಕಾರಿಯ ಕ್ರೌರ್ಯವಷ್ಟೇ ಆಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ 1816ರ ರೆಗ್ಯುಲೇಷನ್ನಿನ ಪ್ರಕಾರ ತಹಸೀಲ್ದಾರನೇ ತಾಲ್ಲೂಕಿನ ಪೊಲೀಸ್ ಮುಖ್ಯಸ್ಥ. ಬೆಳಿಗ್ಗೆ ಕಂದಾಯ ಕೇಳುವ ಕೈ ಸಂಜೆ ಕಳ್ಳತನದ ತನಿಖೆ ಮಾಡುತ್ತಿತ್ತು. ಹೊಡೆಸಿಕೊಂಡವನು ದೂರು ಕೊಡಬೇಕಾದದ್ದು ಅದೇ ಇಲಾಖೆಯ ಮೇಲಧಿಕಾರಿಗೆ. ಬಿಳಿಯ ಕಲೆಕ್ಟರು ದೂರದಲ್ಲಿ, ಇಡೀ ಜಿಲ್ಲೆಗೆ ಒಬ್ಬ. ಅವನ ಹತ್ತಿರ ಹೋಗುವ ದಾರಿ ಕಾಯುವವರು ಮತ್ತೆ ಅದೇ ಕಚೇರಿಯ ನೌಕರರು. ಹಿಂಸೆ ವ್ಯಾಪಕವಾಗಿ ನಡೆದಿದೆ ಎಂದು ಆಯೋಗ ಒಪ್ಪಿತು. ಆದರೆ ಹೊಣೆಯನ್ನೆಲ್ಲ ದೇಶೀ ನೌಕರರ ತಲೆಗೆ ಕಟ್ಟಿ, ಯುರೋಪಿಯನ್ ಅಧಿಕಾರಿಗಳನ್ನು ಬಿಟ್ಟುಬಿಟ್ಟಿತು. ವಸೂಲಿಯ ಗುರಿ ಇಟ್ಟವರು ಯಾರು, ಆ ಹಣ ಸೇರಿದ್ದು ಎಲ್ಲಿಗೆ ಎಂಬ ಪ್ರಶ್ನೆ ಪಕ್ಕಕ್ಕೆ ಸರಿಯಿತು. ಎರಡು ವರ್ಷದ ಮೇಲೆ, ಸಿಪಾಯಿ ದಂಗೆಯ ನಡುವೆ, ಈ ವರದಿಯನ್ನು ಕೈಗೆತ್ತಿಕೊಂಡು ನ್ಯೂಯಾರ್ಕಿನ ಪತ್ರಿಕೆಗೆ ಬರೆದವರು ಕಾರ್ಲ್ ಮಾರ್ಕ್ಸ್. ಬಂಡೆದ್ದವರ ಕ್ರೌರ್ಯವನ್ನಷ್ಟೇ ಮಾತಾಡುವ ಇಂಗ್ಲಿಷರಿಗೆ ಅವರದೇ ಸರ್ಕಾರಿ ಕಡತವನ್ನು ಮಾರ್ಕ್ಸ್ ತೆರೆದು ತೋರಿಸಿದರು.

ವರದಿಯಿಂದ ಏನೂ ಆಗಲಿಲ್ಲ ಎನ್ನುವ ಹಾಗೂ ಇಲ್ಲ. 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂದು ಪೊಲೀಸು, ಕಂದಾಯ ಬೇರೆಯಾದವು. 1860ರ ಇಂಡಿಯನ್ ಪೀನಲ್ ಕೋಡ್ ತನ್ನ 330ನೇ ಸೆಕ್ಷನ್ನಿನಲ್ಲಿ, ತಪ್ಪೊಪ್ಪಿಗೆಗಾಗಿಯೋ ವಸೂಲಿಗಾಗಿಯೋ ಗಾಯ ಮಾಡುವವರಿಗೆ 7 ವರ್ಷದವರೆಗೆ ಸಜೆ ಇಟ್ಟಿತು. ತೀವ್ರ ಗಾಯವಾದರೆ 331ನೇ ಸೆಕ್ಷನ್, 10 ವರ್ಷ. 330ನೇ ಸೆಕ್ಷನ್ನಿನ ಕೆಳಗೆ ಕೊಟ್ಟಿದ್ದ ಉದಾಹರಣೆಗಳು ಕುತೂಹಲದವು. ತಪ್ಪೊಪ್ಪಿಕೊಳ್ಳೆಂದು ಒಬ್ಬನಿಗೆ ಹಿಂಸೆ ಕೊಡುವ ಪೊಲೀಸ್ ಅಧಿಕಾರಿ. ಕದ್ದ ಮಾಲು ಎಲ್ಲಿದೆ ತೋರಿಸೆಂದು ಹಿಂಸೆ ಕೊಡುವ ಪೊಲೀಸ್ ಅಧಿಕಾರಿ. ಬಾಕಿ ಕಂದಾಯ ಕಟ್ಟೆಂದು ಹಿಂಸೆ ಕೊಡುವ ರೆವಿನ್ಯೂ ಅಧಿಕಾರಿ. ಗೇಣಿಗಾಗಿ ರೈತನಿಗೆ ಹಿಂಸೆ ಕೊಡುವ ಜಮೀನ್ದಾರ. ಕಳ್ಳ, ಡಕಾಯಿತ ಯಾರೂ ಇಲ್ಲ. ಕಾನೂನು ಬರೆದವರಿಗೆ ಯಾರನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕೆಂದು ಗೊತ್ತಿತ್ತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಬಾಯಿ ಬಿಡಿಸಿ ಲಾಭವಿಲ್ಲ ಎಂದಾದರೆ ಬಾಯಿ ಬಿಡಿಸುವುದೂ ಕಡಿಮೆಯಾದೀತು ಎಂಬುದು ಅದರ ತರ್ಕ.

ಆ ತರ್ಕ ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಅದನ್ನು ಮುರಿದದ್ದು ಟಾಡಾ ಎಂಬ 1987ರ ಭಯೋತ್ಪಾದನೆ ತಡೆ ಕಾಯ್ದೆ. ಅದರ 15ನೇ ಸೆಕ್ಷನ್ ಪ್ರಕಾರ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. 1994ರಲ್ಲಿ ಸುಪ್ರೀಂ ಕೋರ್ಟು ಕರ್ತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಟಾಡಾ ಮಲೆ ಮಹದೇಶ್ವರ ಬೆಟ್ಟದ ತಪ್ಪಲಿಗೂ ಬಂದಾಗಿತ್ತು.

ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಆನೆದಂತ, ಗಂಧದ ಮರದಿಂದ ಶುರುಮಾಡಿ ಕೊಲೆಗಳ ಸರಮಾಲೆಗೆ ಇಳಿದಿದ್ದ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಪೊಲೀಸರು, ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಕರ್ನಾಟಕ, ತಮಿಳುನಾಡು ಎರಡೂ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಕಟ್ಟಿ ಕಾಡಿಗೆ ಇಳಿಸಿದವು. ಈ ಪಡೆಗಳಿಗೆ ರಾಜ್ಯದ ಗಡಿ ಅಡ್ಡಿಯಾಗಲಿಲ್ಲ.

ವೀರಪ್ಪನ್ ಸಿಗಲಿಲ್ಲ. ಸಿಕ್ಕವರು ಅವನಿಗೆ ಅಕ್ಕಿ ಕೊಟ್ಟವರು, ಕೊಟ್ಟರೆಂದು ಯಾರೋ ಹೇಳಿದವರು, ದನ ಮೇಯಿಸಲು ಕಾಡಿಗೆ ಹೋದವರು, ಜೇನು ಕೀಳುವ ಸೋಲಿಗರು, ಇವರ ಹೆಂಡಂದಿರು. ಅಕ್ಕಿ ಕೊಡದಿದ್ದರೆ ರಾತ್ರಿ ವೀರಪ್ಪನ ಕೋವಿ, ಕೊಟ್ಟರೆ ಹಗಲು ಎಸ್‌ಟಿಎಫ್‌ನ ಜೀಪು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಕ್ಯಾಂಪಿನ ಒಂದು ಜಾಗವನ್ನು ಜನ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ಅಲ್ಲಿಗೆ ಹೋಗಿ ಬಂದವರ ಬಾಯಲ್ಲಿ ಚಿತ್ರಹಿಂಸೆ ಎಂಬ ಪುಸ್ತಕದ ಮಾತು ಇರಲಿಲ್ಲ. ‘ಕರೆಂಟ್ ಕೊಟ್ಟರು’ ಎನ್ನುತ್ತಿದ್ದರು. ಕಿವಿಯ ಹಾಲೆಗೆ, ಮರ್ಮಾಂಗಕ್ಕೆ ಕ್ಲಿಪ್ ಸಿಕ್ಕಿಸಿ ವಿದ್ಯುತ್ ಹಾಯಿಸಿದ್ದು, ಕೈ ಹಿಂದಕ್ಕೆ ಕಟ್ಟಿ ತೊಲೆಗೆ ನೇತುಹಾಕಿದ್ದು, ಹೆಂಗಸರ ಮೇಲೆ ಅತ್ಯಾಚಾರ, ಕೋರ್ಟಿಗೆ ಹಾಜರುಪಡಿಸದೆ ದಿನಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕಿದ್ದು, ಇವು ಅವರು ಮುಂದೆ ಕೊಟ್ಟ ಹೇಳಿಕೆಗಳ ಸಾರ. ಕಿಟ್ಟಿಯ ಜಾಗಕ್ಕೆ ಕರೆಂಟು ಬಂದಿತ್ತು. ಕರೆಂಟು ಗಾಯದ ಗುರುತನ್ನೂ ಹೆಚ್ಚು ಉಳಿಸುವುದಿಲ್ಲ.

ಟಾಡಾ ಅಡಿಯಲ್ಲಿ ನೂರಕ್ಕೂ ಹೆಚ್ಚು ಜನ ಮೈಸೂರಿನ ಜೈಲು ಸೇರಿದರು. ಅವರಲ್ಲಿ ಹೆಂಗಸರಿದ್ದರು, ಗಡಿಯಾಚೆಯ ತಮಿಳು ಹಳ್ಳಿಗಳವರಿದ್ದರು. 2000ದ ಜುಲೈ 30ರಂದು ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಇಟ್ಟ ಬೇಡಿಕೆಗಳಲ್ಲಿ ಈ ಟಾಡಾ ಕೈದಿಗಳ ಬಿಡುಗಡೆಯೂ ಒಂದು, ಎಸ್‌ಟಿಎಫ್ ದೌರ್ಜನ್ಯಕ್ಕೆ ಸಿಕ್ಕವರಿಗೆ ಪರಿಹಾರ ಕೊಡಬೇಕೆಂಬುದು ಇನ್ನೊಂದು. ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಿತು. ಹತರಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಸರ್ಕಾರದ ಕ್ರಮವನ್ನು ರದ್ದುಮಾಡಿತು. ಮಗನನ್ನು ಕಳೆದುಕೊಂಡ ತಂದೆಗೆ ಅಪರಾಧಿಗೆ ವಿಚಾರಣೆಯಾಗಲೇಬೇಕು ಎಂಬ ಹಟ. ಆ ಹಟದಲ್ಲಿ ನ್ಯಾಯವಿತ್ತು. ಮುಂದಿನ ವರ್ಷ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ಕೆಲವರಿಗೆ ಶಿಕ್ಷೆಯಾಯಿತು. ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅವರಲ್ಲಿ ಹಲವರು ಏಳೆಂಟು ವರ್ಷ ಜೈಲಲ್ಲಿ ಕಳೆದಿದ್ದರು.

ಇಷ್ಟರಲ್ಲಿ ಹೊರಗೆ ಲೋಕ ಬದಲಾಗುತ್ತಿತ್ತು. ವಿಶ್ವಸಂಸ್ಥೆ 1984ರ ಡಿಸೆಂಬರ್ 10ರಂದು ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯನ್ನು ಅಂಗೀಕರಿಸಿತ್ತು. 1987ರ ಜೂನ್ 26ರಿಂದ ಅದು ಜಾರಿಗೆ ಬಂತು. ಅದರ ಹೂರಣ ಐದರಿಂದ ಎಂಟನೆಯ ವಿಧಿಗಳಲ್ಲಿದೆ. ಯಾವುದೋ ದೇಶದ ಅಧಿಕಾರಿಯೊಬ್ಬ ತನ್ನ ಊರಲ್ಲಿ ಜನರಿಗೆ ಚಿತ್ರಹಿಂಸೆ ಕೊಟ್ಟು, ಆಮೇಲೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ಎಂದಿಟ್ಟುಕೊಳ್ಳಿ. ಒಡಂಬಡಿಕೆಗೆ ಬದ್ಧವಾದ ದೇಶವಾದರೆ ಅವನನ್ನು ಹಿಡಿದಿಡಬೇಕು, ಪ್ರಾಥಮಿಕ ತನಿಖೆ ಮಾಡಬೇಕು. ಕೇಳಿದ ದೇಶಕ್ಕೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ತನ್ನದೇ ಪ್ರಾಸಿಕ್ಯೂಷನ್ನಿನ ಕೈಗೆ ಕಡತ ಕೊಡಬೇಕು. ಅಪರಾಧ ನಮ್ಮ ನೆಲದಲ್ಲಿ ನಡೆದದ್ದಲ್ಲ, ಅವನು ನಮ್ಮವನಲ್ಲ, ಹಿಂಸೆಗೆ ಸಿಕ್ಕವನೂ ನಮ್ಮವನಲ್ಲ ಎನ್ನುವ ನೆಪ ನಡೆಯುವುದಿಲ್ಲ. ಮೇಲಿನವರ ಆಜ್ಞೆಯಿತ್ತು ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. ಯುದ್ಧ, ಬಂಡಾಯ, ತುರ್ತು ಪರಿಸ್ಥಿತಿ ಯಾವುದೂ ವಿನಾಯಿತಿಯಲ್ಲ. ಇನ್ನು ತನ್ನದೇ ನೆಲದಲ್ಲಿ ನಡೆದ ಹಿಂಸೆಯಾದರೆ, ಯಾರೂ ದೂರು ಕೊಡದಿದ್ದರೂ, ಅನುಮಾನಕ್ಕೆ ಆಸ್ಪದವಿದ್ದರೆ ಸಾಕು, ತಡಮಾಡದೆ ನಿಷ್ಪಕ್ಷಪಾತ ತನಿಖೆ ಮಾಡಬೇಕು.

1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಅದಾಗಿ ಎರಡು ತಿಂಗಳಿಗೆ, ಅಕ್ಟೋಬರ್ 14ರಂದು, ಭಾರತ ಈ ಒಡಂಬಡಿಕೆಗೆ ರುಜು ಹಾಕಿತು. ರುಜು ಹಾಕುವುದು ಬೇರೆ, ಅನುಮೋದಿಸಿ ಬದ್ಧವಾಗುವುದು ಬೇರೆ. ಆ ಎರಡನೆಯ ಹೆಜ್ಜೆಯನ್ನು 170ಕ್ಕೂ ಹೆಚ್ಚು ದೇಶಗಳು ಇಟ್ಟಿವೆ, ಭಾರತ ಇಟ್ಟಿಲ್ಲ.

ಒಡಂಬಡಿಕೆಯ ಹಲ್ಲು ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು 1998ರ ಅಕ್ಟೋಬರ್ 16ರ ರಾತ್ರಿ. ಬೆನ್ನಿನ ಶಸ್ತ್ರಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆಯನ್ನು, ಸ್ಪೇನಿನ ನ್ಯಾಯಾಧೀಶ ಬಾಲ್ತಾಸಾರ್ ಗಾರ್ಸೋನ್ ಕಳಿಸಿದ ವಾರಂಟಿನ ಮೇಲೆ ಬ್ರಿಟಿಷ್ ಪೊಲೀಸರು ಆಸ್ಪತ್ರೆಯಲ್ಲೇ ಬಂಧಿಸಿದರು. ಮಾಜಿ ರಾಷ್ಟ್ರಾಧ್ಯಕ್ಷನಿಗೂ ಚಿತ್ರಹಿಂಸೆಯ ವಿಷಯದಲ್ಲಿ ರಕ್ಷಣೆಯಿಲ್ಲ ಎಂದು 1999ರ ಮಾರ್ಚ್ 24ರಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆದರೆ ಬ್ರಿಟನ್ ತನ್ನ ಕಾನೂನಿಗೆ ಈ ಅಪರಾಧವನ್ನು ಸೇರಿಸಿಕೊಂಡದ್ದು 1988ರ ಸೆಪ್ಟೆಂಬರ್ 29ರಂದು. ಅದರ ಹಿಂದಿನ ಹಿಂಸೆಗಳೆಲ್ಲ ಲೆಕ್ಕದಿಂದ ಬಿದ್ದುಹೋದವು. ಕೊನೆಗೆ ಅನಾರೋಗ್ಯದ ಕಾರಣಕ್ಕೆ 2000ದ ಮಾರ್ಚ್‌ನಲ್ಲಿ ಅವನನ್ನು ಊರಿಗೆ ಕಳಿಸಿದರು. ಒಡಂಬಡಿಕೆಗೆ ರುಜು ಹಾಕಿದ್ದು ಯಾವಾಗ ಎನ್ನುವುದಕ್ಕಿಂತ ಮನೆಯ ಕಾನೂನು ಬರೆದದ್ದು ಯಾವಾಗ ಎಂಬುದೇ ಅಲ್ಲಿ ನಿರ್ಣಾಯಕವಾಯಿತು.

ಲಾರ್ಡ್ಸ್ ತೀರ್ಪು ಬಂದು ಮೂರು ತಿಂಗಳಿಗೆ, 1999ರ ಜೂನ್‌ನಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಸ್‌ಟಿಎಫ್ ಮೇಲಿನ ದೂರುಗಳ ತನಿಖೆಗೆ ಇಬ್ಬರ ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಒಬ್ಬರು, ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಇನ್ನೊಬ್ಬರು. ಸಮಿತಿ ಗಡಿಯ ಎರಡೂ ಕಡೆ ಕುಳಿತು ಹೇಳಿಕೆ ಪಡೆಯಿತು. ಸಾಕ್ಷಿ ಹೇಳಲು ಬಂದವರಲ್ಲಿ ಎಷ್ಟೋ ಜನರಿಗೆ ಅಕ್ಷರ ಬಾರದು. ಕನ್ನಡ, ತಮಿಳು ಎರಡನ್ನೂ ಬೆರೆಸಿ ಮಾತಾಡುವ ಜನ. ನಡುವೆ ಕೋರ್ಟಿನ ತಡೆಯಾಜ್ಞೆಯಿಂದ ಕಲಾಪ ನಿಂತು, ಮತ್ತೆ ಶುರುವಾಯಿತು. ವರದಿ ಆಯೋಗದ ಕೈಸೇರಿದ್ದು 2003ರ ಡಿಸೆಂಬರ್‌ನಲ್ಲಿ. ಅಕ್ರಮ ಬಂಧನ, ವಿದ್ಯುತ್ ಆಘಾತ, ಅತ್ಯಾಚಾರಗಳ ದೂರುಗಳಲ್ಲಿ ಹುರುಳಿದೆ ಎಂದೂ ಎನ್‌ಕೌಂಟರ್ ಎಂದು ಬರೆದ ಹಲವು ಸಾವುಗಳು ಅನುಮಾನಾಸ್ಪದವೆಂದೂ ಸಮಿತಿ ಕಂಡುಕೊಂಡಿತು. 2004ರ ಅಕ್ಟೋಬರ್ 18ರಂದು ಪಾಪಾರಪಟ್ಟಿಯ ಬಳಿ ವೀರಪ್ಪನ್ ಸತ್ತ. ಪಡೆಯವರಿಗೆ ಬಹುಮಾನ, ಬಡ್ತಿ, ಸನ್ಮಾನ. ಅದೇ ಹೊತ್ತಿಗೆ ತಮಿಳಿನಲ್ಲಿ ವಕೀಲ ಎಸ್. ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಕಾದಂಬರಿ ಬಂತು. ಕಾಡಿನ ಜನ ಎರಡೂ ಕಡೆಯಿಂದ ಅನುಭವಿಸಿದ್ದನ್ನು ಅದು ಓದುಗರ ಮುಂದಿಟ್ಟಿತು.

2007ರ ಜನವರಿಯಲ್ಲಿ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಎರಡೂ ರಾಜ್ಯಗಳು ಹಣ ಹಂಚಿಕೊಂಡವು. ತಪ್ಪು ಮಾಡಿದವರ ಮೇಲೆ ಮೊಕದ್ದಮೆ ಹೂಡುವ ಮಾತು ಮಾತ್ರ ಅಲ್ಲಿಗೇ ನಿಂತಿತು. ಬೇಟೆಗೆ ಇಳಿದಾಗ ಇಲ್ಲವಾಗಿದ್ದ ಗಡಿ, ಹೊಣೆ ಕೇಳುವಾಗ ಮತ್ತೆ ಎದ್ದು ನಿಂತಿತ್ತು: ಇದು ನಮ್ಮ ಪಡೆಯವರಲ್ಲ, ಅವರ ಪಡೆಯವರು, ಇದು ನಮ್ಮ ವ್ಯಾಪ್ತಿಯಲ್ಲ, ಅವರದು. 2012ರಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರ ನೇಮಕದ ವ್ಯಾಜ್ಯ ಹೈಕೋರ್ಟಿಗೆ ಬಂದಾಗ ಸದಾಶಿವ ವರದಿ ಮತ್ತೊಮ್ಮೆ ಸುದ್ದಿಯಾಯಿತು. ಸುದ್ದಿ ತಣ್ಣಗಾಯಿತು.

ಮೊಕದ್ದಮೆ ನಡೆಸಲು ಸಾಧ್ಯವೇ ಇರಲಿಲ್ಲವೆ? ಇತ್ತು. ಪಕ್ಕದ ಧರ್ಮಪುರಿ ಜಿಲ್ಲೆಯ ವಾಚಾತ್ತಿಯೇ ಅದಕ್ಕೆ ಸಾಕ್ಷಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ತಂಡ ಆ ಬುಡಕಟ್ಟು ಹಳ್ಳಿಗೆ ನುಗ್ಗಿ ಮನೆಗಳನ್ನು ಧ್ವಂಸ ಮಾಡಿತು. 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಕಮ್ಯುನಿಸ್ಟ್ ನಾಯಕ ಎ. ನಲ್ಲಶಿವನ್ ಮತ್ತು ಬುಡಕಟ್ಟು ಸಂಘದವರ ಹೋರಾಟದಿಂದ ಮದ್ರಾಸ್ ಹೈಕೋರ್ಟು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆರೋಪಿಗಳು 269 ಮಂದಿ. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಕೋರ್ಟು ತೀರ್ಪು ಹೇಳುವಷ್ಟರಲ್ಲಿ 54 ಮಂದಿ ಸತ್ತಿದ್ದರು. ಬದುಕಿದ್ದ 215 ಮಂದಿಯೂ ಅಪರಾಧಿಗಳೆಂದು ತೀರ್ಮಾನವಾಯಿತು. 2023ರಲ್ಲಿ, ಅದೇ ಸೆಪ್ಟೆಂಬರ್ 29ರಂದು, ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿದು, ಅತ್ಯಾಚಾರಕ್ಕೆ ಒಳಗಾದವರಿಗೆ ತಲಾ 10 ಲಕ್ಷ ಪರಿಹಾರ ಕೊಡಿ, ಅದರ ಅರ್ಧವನ್ನು ಅಪರಾಧಿಗಳಿಂದಲೇ ವಸೂಲಿ ಮಾಡಿ ಎಂದಿತು. ವಾಚಾತ್ತಿಗೂ ಮಲೆ ಮಹದೇಶ್ವರ ಬೆಟ್ಟಕ್ಕೂ ಕಾಡು ಒಂದೇ ತೆರನದು, ಕಾಲ ಒಂದೇ, ಗಂಧದ ನೆಪವೂ ಒಂದೇ. ಒಂದು ಕಡೆ ಸ್ವತಂತ್ರ ತನಿಖಾ ಸಂಸ್ಥೆಗೆ ಕೋರ್ಟು ಕೇಸು ಕೊಟ್ಟಿತು. ಇನ್ನೊಂದು ಕಡೆ ಶಿಫಾರಸು ಮಾಡುವ ಅಧಿಕಾರವಷ್ಟೇ ಇರುವ ಆಯೋಗದಲ್ಲಿ ಕಡತ ನಿಂತಿತು.

ಇನ್ನೊಂದು ಅಡ್ಡಗೋಡೆ ಅನುಮತಿಯದು. ಕರ್ತವ್ಯ ಮಾಡುವಾಗ ಎಸಗಿದ ಕೃತ್ಯಕ್ಕೆ ಸರ್ಕಾರಿ ಅಧಿಕಾರಿಯ ಮೇಲೆ ಕೋರ್ಟು ವಿಚಾರಣೆಗೆ ಮುಂದಾಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 197ನೇ ಸೆಕ್ಷನ್ ಹೇಳುತ್ತಿತ್ತು. ಕರೆಂಟ್ ಕೊಡುವುದು ಯಾವ ಕರ್ತವ್ಯ ಎಂದು ಕೇಳಬಹುದು. ಆದರೆ ಆ ಪ್ರಶ್ನೆಗೆ ಉತ್ತರ ಪಡೆಯುವಷ್ಟರಲ್ಲೇ ಬಡವನ ಆಯಸ್ಸು ಮುಗಿಯುತ್ತದೆ.

ಬ್ರಿಟನ್ನಿನಲ್ಲಿ ಕಂಡ, ಒಡಂಬಡಿಕೆಗೂ ಮನೆಯ ಕಾನೂನಿಗೂ ನಡುವಿನ ಕಂದರದಲ್ಲಿ ಸಿಕ್ಕಿಬಿದ್ದ ಇನ್ನೊಂದು ದೇಶ ಸೆನೆಗಲ್. ಅದು 1986ರಲ್ಲೇ ಒಡಂಬಡಿಕೆಯನ್ನು ಅನುಮೋದಿಸಿತ್ತು. 1982ರಿಂದ 1990ರವರೆಗೆ ಚಾಡ್ ದೇಶವನ್ನು ಆಳಿದ ಹಿಸೆನ್ ಹಬ್ರೆ, ಪದಚ್ಯುತನಾದ ಮೇಲೆ ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ನೆಮ್ಮದಿಯಾಗಿದ್ದ. ಅವನ ಜೈಲಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕೊಳೆತು ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಿಗ, 792 ಜನ ಸಂತ್ರಸ್ತರ ಹೇಳಿಕೆ ಬರೆದುಕೊಂಡು ಮನೆಯಲ್ಲಿ ಬಚ್ಚಿಟ್ಟಿದ್ದರು. 2000ದಲ್ಲಿ ದೂರು ಕೊಟ್ಟಾಗ, ಹೊರದೇಶದ ಚಿತ್ರಹಿಂಸೆಯನ್ನು ವಿಚಾರಿಸಲು ನಮ್ಮ ಕಾನೂನಿನಲ್ಲಿ ಜಾಗವಿಲ್ಲ ಎಂದು ಸೆನೆಗಲ್ ಕೋರ್ಟುಗಳು ಕೈಚೆಲ್ಲಿದವು. ಹಾಗಾದರೆ ನಮಗೆ ಒಪ್ಪಿಸಿ ಎಂದಿತು ಬೆಲ್ಜಿಯಂ. ಸೆನೆಗಲ್ ಅದನ್ನೂ ಮಾಡಲಿಲ್ಲ. ಬೆಲ್ಜಿಯಂ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2012ರ ಜುಲೈ 20ರ ತೀರ್ಪು ಖಚಿತವಾಗಿತ್ತು: ವಿಚಾರಣೆಗೆ ಒಪ್ಪಿಸುವುದು ಕರ್ತವ್ಯ, ಗಡೀಪಾರು ಮಾಡುವುದು ಆಯ್ಕೆ, ದುಡ್ಡಿಲ್ಲ, ಕಾನೂನಿಲ್ಲ ಎಂಬ ಸಬೂಬು ಸಲ್ಲದು. ಆಫ್ರಿಕನ್ ಒಕ್ಕೂಟದ ನೆರವಿನಿಂದ ಡಕಾರ್‌ನಲ್ಲೇ ವಿಶೇಷ ಕೋರ್ಟು ನಿಂತಿತು. 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಜನವರಿಯಲ್ಲಿ ಜರ್ಮನಿಯ ಕೋಬ್ಲೆನ್ಸ್ ಕೋರ್ಟು, ಆಶ್ರಯ ಕೇಳಿ ಬಂದಿದ್ದ ಸಿರಿಯಾದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೂ ಜೀವಾವಧಿ ವಿಧಿಸಿತು.

ಭಾರತದ ಸ್ಥಿತಿ ವಿಚಿತ್ರ. 1960ರ ಜಿನೀವಾ ಒಡಂಬಡಿಕೆಗಳ ಕಾಯ್ದೆಯ ಪ್ರಕಾರ, ದೇಶದೇಶಗಳ ನಡುವಿನ ಯುದ್ಧದಲ್ಲಿ ಸೆರೆಸಿಕ್ಕವರಿಗೆ ಲೋಕದ ಯಾವ ಮೂಲೆಯಲ್ಲಿ ಯಾರು ಚಿತ್ರಹಿಂಸೆ ಕೊಟ್ಟರೂ ಇಲ್ಲಿ ವಿಚಾರಣೆ ಸಾಧ್ಯ. ಠಾಣೆಯಲ್ಲೋ ಕ್ಯಾಂಪಿನಲ್ಲೋ ಶಾಂತಿಕಾಲದಲ್ಲಿ ನಡೆಯುವ ಹಿಂಸೆಗೆ ಅಂಥ ಕಾನೂನಿಲ್ಲ. 2010ರ ಮೇ 6ರಂದು ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು; ಸಮಿತಿ ಬಿಗಿಗೊಳಿಸಿ ಕೊಟ್ಟ ಕರಡು ಮೇಲೇಳದೆ, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ಬಿದ್ದುಹೋಯಿತು. 2017ರ ಅಕ್ಟೋಬರ್‌ನಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಒಡಂಬಡಿಕೆ ಅನುಮೋದಿಸಿ, ಜೀವಾವಧಿವರೆಗೆ ಶಿಕ್ಷೆಯಿರುವ ಕಾನೂನು ಮಾಡಿ ಎಂದು ಹೊಸ ಕರಡನ್ನೇ ಬರೆದುಕೊಟ್ಟಿತು. ಕಾನೂನು ಮಾಡೆಂದು ಸಂಸತ್ತಿಗೆ ಆಜ್ಞಾಪಿಸಲಾಗದು ಎಂದು 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಚಿತ್ರಹಿಂಸೆ ತಡೆ ಕಾನೂನಿಲ್ಲದ ಏಟು ಸರ್ಕಾರಕ್ಕೂ ಬೀಳುತ್ತಿದೆ. 1995ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಬಂದೂಕು ಸುರಿಸಿದ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಒಪ್ಪಿಸಲು ಡೆನ್ಮಾರ್ಕಿನ ಕೋರ್ಟು 2011ರಲ್ಲಿ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಒಪ್ಪಲಿಲ್ಲ. ಅದಾದ ಮರುತಿಂಗಳೇ ಲಂಡನ್ನಿನ ಹೈಕೋರ್ಟು ಶಸ್ತ್ರಾಸ್ತ್ರ ವ್ಯವಹಾರದ ಸಂಜಯ್ ಭಂಡಾರಿಯ ಗಡೀಪಾರಿಗೆ ತಡೆ ಹಾಕಿತು. ಭಾರತಕ್ಕೆ ಕಳಿಸಿದರೆ ಹಿಂಸೆಗೆ ಸಿಕ್ಕುವ ಅಪಾಯವಿದೆ ಎನ್ನುವುದು ಈ ಕೋರ್ಟುಗಳ ಮುಂದಿದ್ದ ಮುಖ್ಯ ವಾದಗಳಲ್ಲೊಂದು. ಇಂಥ ಕಾನೂನಿಲ್ಲದ್ದರಿಂದ ಗಡೀಪಾರು ಪಡೆಯುವುದು ಕಷ್ಟವಾಗುತ್ತಿದೆ ಎಂದು ಕಾನೂನು ಆಯೋಗವೇ ಎಚ್ಚರಿಸಿತ್ತು. ಹೊರದೇಶಕ್ಕೆ ಓಡಿದ ಆರೋಪಿಗಳು ಈಗ ಭಾರತದ ಠಾಣೆಗಳನ್ನೇ ಗುರಾಣಿ ಮಾಡಿಕೊಳ್ಳುತ್ತಿದ್ದಾರೆ.

2024ರ ಜುಲೈ 1ರಿಂದ ಪೀನಲ್ ಕೋಡಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 330, 331 ಎರಡೂ ಸೇರಿ 120ನೇ ಸೆಕ್ಷನ್ ಆಗಿವೆ. ಹಿಂಸೆ ಕೊಡುವ ಪೊಲೀಸ್ ಅಧಿಕಾರಿ, ರೆವಿನ್ಯೂ ಅಧಿಕಾರಿ ಉದಾಹರಣೆಗಳಲ್ಲಿ ಹಾಗೇ ಉಳಿದಿದ್ದಾರೆ. ಪ್ರಾಸಿಕ್ಯೂಷನ್ ಅನುಮತಿಯ ನಿಯಮವೂ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ನಿನಲ್ಲಿ ಮುಂದುವರಿದಿದೆ. ಆದರೆ ಒಂದು ಬದಲಾವಣೆಯಿದೆ: ಕೋರಿಕೆ ಬಂದ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಅರ್ಥ.

1993ರ ಹಿಂಸೆಗೆ ಅನ್ವಯಿಸುವುದು ಹಳೆಯ ಪೀನಲ್ ಕೋಡೇ. ಮೂರು ವರ್ಷಕ್ಕಿಂತ ಹೆಚ್ಚು ಸಜೆಯಿರುವ ಅಪರಾಧಕ್ಕೆ ಕಾಲಮಿತಿ ಇಲ್ಲ ಎಂಬುದು ಅಂದಿನ ಕಾನೂನು, ಇಂದಿನದೂ ಅದೇ. 330ನೇ ಸೆಕ್ಷನ್ನಿಗೆ 7 ವರ್ಷ, 331ಕ್ಕೆ 10 ವರ್ಷ ಸಜೆ. ಹೀಗಾಗಿ ಬೆಟ್ಟದ ಕ್ಯಾಂಪಿನಲ್ಲಿ ಕರೆಂಟ್ ಕೊಟ್ಟರೆಂದು ಸದಾಶಿವ ಸಮಿತಿಯ ಮುಂದೆ ಹೇಳಿದವರ ದೂರಿಗೆ ಅವಧಿ ಮೀರಿತು ಎನ್ನುವ ಉತ್ತರವನ್ನು ಯಾವ ಕೋರ್ಟೂ ಕೊಡುವಂತಿಲ್ಲ. ಆಗ 25 ವರ್ಷದವರಾಗಿದ್ದವರು ಈಗ 60ರ ಹತ್ತಿರ. ಅಂದಿನ ಅಧಿಕಾರಿಗಳಲ್ಲಿ ಬಹುಪಾಲು ಜನ ನಿವೃತ್ತರಾಗಿದ್ದಾರೆ. ಆ ಸಮಿತಿಯ ಇಬ್ಬರು ಸದಸ್ಯರು ಬರೆದುಕೊಂಡ ಹೇಳಿಕೆಗಳು ದೆಹಲಿಯಲ್ಲಿ ಮಾನವ ಹಕ್ಕುಗಳ ಆಯೋಗದ ಕಡತದಲ್ಲಿವೆ.